ಹೊರಟು ನಿಂತ ಹಕ್ಕಿ, ಚಿಗುರು ಹುಡುಕುವ ಚಿಟ್ಟೆ: ಕರಾವಳಿಯ ವಸಂತಾರಂಭವನ್ನು ನೋಡುವ ಬಗೆ

ಬಯಲುಸೀಮೆಯಲ್ಲಿ ವಸಂತ ಬಂತೆಂದು ಹೇಳಲು ಬೋಳಾದ ಮರವೊಂದು ಚಿಗುರಿದರೆ ಸಾಕು. ಕರಾವಳಿಯಲ್ಲಿ ಆ ಗುರುತು ಅಷ್ಟು ನಿಚ್ಚಳವಲ್ಲ. ತೆಂಗು, ಅಡಿಕೆ, ಹಲಸುಗಳು ವರ್ಷವಿಡೀ ಹಸುರಾಗಿಯೇ ಇರುವ ಈ ಸೀಮೆಯಲ್ಲಿ ಚಳಿಯೆಂಬುದು ಜನವರಿಯ ನಾಲ್ಕಾರು ಮುಂಜಾನೆಗಳ ಮಾತು. ಫೆಬ್ರವರಿ ಮುಗಿಯುವಷ್ಟರಲ್ಲಿ ಸೆಕೆ ಶುರುವಾಗಿರುತ್ತದೆ. ಹಾಗಾಗಿ ಇಲ್ಲಿ ವಸಂತವನ್ನು ಗಿಡಮರಗಳಿಗಿಂತ ಮೊದಲು ಹಕ್ಕಿಗಳ ಮೈಬಣ್ಣದಲ್ಲಿ ಓದಬೇಕಾಗುತ್ತದೆ. ಯುರೋಪಿನವರು ಬರೆದ ಪಕ್ಷಿವೀಕ್ಷಣೆಯ ಕೈಪಿಡಿಗಳಲ್ಲಿ ವಸಂತವೆಂದರೆ ಹಕ್ಕಿಗಳು ಬರುವ ಕಾಲ. ನಮ್ಮ ಕಡಲತಡಿಗೆ ಅದು ತಿರುಗುಮುರುಗು: ಆರು ತಿಂಗಳು ನಮ್ಮ ಅಳಿವೆಗಳಲ್ಲಿ ಉಂಡು ಕೊಬ್ಬಿದ ಅತಿಥಿಗಳು ಮದುವೆಯ ಉಡುಗೆ ತೊಟ್ಟು ಉತ್ತರಕ್ಕೆ ಹೊರಡುವ ಕಾಲ. ಈ ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಏನನ್ನು ನೋಡಬೇಕು, ಯಾವಾಗ ನೋಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಸುಲಭವಾಗುತ್ತದೆ.

ಈ ಬರಹದಲ್ಲಿ ನಾನು ಹೇಳುತ್ತಿರುವುದು ಕಾರವಾರದಿಂದ ಮಂಗಳೂರಿನವರೆಗಿನ ಸುಮಾರು 320 ಕಿಲೋಮೀಟರ್ ಕರಾವಳಿಯ ಮಾತು. ದುರ್ಬೀನು ಹಿಡಿದು ಅಭ್ಯಾಸವಿಲ್ಲದವರೂ ಅನುಸರಿಸುವಂತೆ, ಜಾಗ ಆರಿಸುವುದರಿಂದ ಹಿಡಿದು ಟಿಪ್ಪಣಿ ಬರೆಯುವವರೆಗೆ ಕ್ರಮವಾಗಿ ವಿವರಿಸಿದ್ದೇನೆ.

ಮೊದಲು ಕಾಲದ ಲೆಕ್ಕ

ಫೆಬ್ರವರಿಯ ಎರಡನೆಯ ವಾರದಿಂದ ಏಪ್ರಿಲ್ ನಡುವಿನವರೆಗಿನ ಎರಡು ತಿಂಗಳನ್ನು ಇದಕ್ಕಾಗಿ ಇಟ್ಟುಕೊಳ್ಳಿ. ತುಳುವರ ಲೆಕ್ಕದಲ್ಲಿ ಹೇಳುವುದಾದರೆ ಕೆಡ್ಡಸ ಮುಗಿದು ಮಾಯಿ ತಿಂಗಳು ಹುಟ್ಟುವಾಗ ಆರಂಭಿಸಿ, ಸುಗ್ಗಿ ತಿಂಗಳನ್ನು ಮುಗಿಸಿ, ಪಗ್ಗು ಬರುವಾಗ ನಿಲ್ಲಿಸುವುದು. ಭೂಮಿತಾಯಿ ಮೈನೆರೆದಳೆಂದು ನೆಲವನ್ನು ಅಗೆಯದೆ ಬಿಡುವ ಕೆಡ್ಡಸದ ದಿನಗಳು ಫೆಬ್ರವರಿಯ ಎರಡನೆಯ ವಾರದ ಆಸುಪಾಸಿನಲ್ಲೇ ಬೀಳುವುದರಿಂದ ನೆನಪಿಟ್ಟುಕೊಳ್ಳಲು ಇದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಹೊಸಬರು ಮಾಡುವ ತಪ್ಪೆಂದರೆ ಒಂದೇ ಭಾನುವಾರ ಹತ್ತು ಊರು ಸುತ್ತುವುದು. ಬದಲಾವಣೆಯನ್ನು ನೋಡಬೇಕಾದರೆ ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗಬೇಕು. ಹತ್ತು ದಿನಕ್ಕೊಮ್ಮೆ, ಒಟ್ಟು ಆರೇಳು ಭೇಟಿಗಳು ಸಾಕು. ಮೊದಲ ಭೇಟಿಯಲ್ಲಿ ಬೂದಿಬಣ್ಣದ ಹಕ್ಕಿಯಾಗಿ ಕಂಡದ್ದು ಐದನೆಯ ಭೇಟಿಯಲ್ಲಿ ಇಟ್ಟಿಗೆಯ ಕೆಂಪಿಗೆ ತಿರುಗಿರುತ್ತದೆ, ಏಳನೆಯ ಭೇಟಿಯಲ್ಲಿ ಅಲ್ಲಿ ಇರುವುದೇ ಇಲ್ಲ. ಈ ಮೂರನ್ನೂ ನೋಡಿದವರಿಗೆ ಮಾತ್ರ ಋತು ಅರ್ಥವಾಗುತ್ತದೆ.

ಜಾಗದ ಆಯ್ಕೆ

ಬರಿಯ ಮರಳಿನ ಉದ್ದನೆಯ ಬೀಚು ನೋಡಲು ಚಂದ, ಹಕ್ಕಿಗೆ ಬರಡು. ನದಿ ಕಡಲನ್ನು ಸೇರುವ ಅಳಿವೆ, ಅದರ ಒಳಗಿನ ಕೆಸರುಬಯಲು, ಪಕ್ಕದ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಅದರಾಚೆಗೆ ಒಂದಿಷ್ಟು ಗದ್ದೆ, ಹಿಂದೆ ಗೇರುಗುಡ್ಡ ಅಥವಾ ನಾಗಬನ: ಇವೆಲ್ಲ ಎರಡು ಮೂರು ಕಿಲೋಮೀಟರ್ ಒಳಗೆ ಸಿಗುವ ಕಡೆಯನ್ನು ಹುಡುಕಬೇಕು. ನಮ್ಮ ಕರಾವಳಿಯಲ್ಲಿ ಇಂಥ ಜಾಗಗಳಿಗೆ ಬರವಿಲ್ಲ. ಸೀತಾ ಮತ್ತು ಸುವರ್ಣಾ ನದಿಗಳು ಒಟ್ಟಿಗೆ ಕಡಲು ಸೇರುವ ಕೋಡಿ ಬೆಂಗ್ರೆ, ಶಾಂಭವಿ ಮತ್ತು ನಂದಿನಿ ನದಿಗಳು ಕೂಡುವ ಸಸಿಹಿತ್ಲು, ಐದು ಹೊಳೆಗಳ ನೀರು ಹೊರಬೀಳುವ ಗಂಗೊಳ್ಳಿ, ಹೊನ್ನಾವರದ ಶರಾವತಿ ಅಳಿವೆ, ಕಾರವಾರದ ಕಾಳಿ ಅಳಿವೆ, ಇವೆಲ್ಲವೂ ಒಳ್ಳೆಯವೇ. ಹೊನ್ನಾವರ ಮತ್ತು ಕಾರವಾರಗಳಲ್ಲಿ ಕಾಂಡ್ಲಾ ಕಾಡಿನ ನಡುವೆ ಹಲಗೆಯ ನಡೆದಾರಿಗಳಿರುವುದರಿಂದ ಮಕ್ಕಳನ್ನು, ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಅನುಕೂಲ. ಆದರೆ ಕಾರವಾರದ ಸುತ್ತ ನೌಕಾನೆಲೆಯಿದೆ. ಅಲ್ಲಿ ಎತ್ತ ಬೇಕೆಂದರತ್ತ ಉದ್ದ ಲೆನ್ಸು ತಿರುಗಿಸುವ ಮೊದಲು ಫಲಕಗಳನ್ನು ಓದಿಕೊಳ್ಳುವುದು ಕ್ಷೇಮ.

ಒಂದೇ ಜಾಗವನ್ನು ಆರಿಸಿ ಎಂದರೆ ನಾನು ಕುಮಟಾ ತಾಲೂಕಿನ ಅಘನಾಶಿನಿಯನ್ನು ಆರಿಸುತ್ತೇನೆ. ಈ ಅಳಿವೆಯನ್ನು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್ಸಾರ್ ಪಟ್ಟಿಗೆ ಸೇರಿಸಲಾಯಿತು. ಅಣೆಕಟ್ಟಿನ ತಡೆಯಿಲ್ಲದೆ ಹರಿದು ಬರುವ ಹೊಳೆ ಇಲ್ಲಿ ಅಗಲವಾಗಿ ಹರಡಿಕೊಂಡು ಇಳಿತದಲ್ಲಿ ವಿಸ್ತಾರವಾದ ಕೆಸರುಬಯಲನ್ನು ತೆರೆದಿಡುತ್ತದೆ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಿದ್ದ ಗಜನಿ ಗದ್ದೆಗಳು ಬೇಸಗೆಯಲ್ಲಿ ಖಾಲಿ ಬಿದ್ದಿರುತ್ತವೆ. ಗೋಕರ್ಣದ ಕಡೆಗೆ ಸಾಣಿಕಟ್ಟೆಯ ಉಪ್ಪಿನ ಆಗರಗಳಿವೆ. ಹಕ್ಕಿಯ ಮಟ್ಟಿಗೆ ಕೆಸರುಬಯಲು ಊಟದ ಮನೆಯಾದರೆ ಆಗರ ಮತ್ತು ಗಜನಿಗಳು ಮಲಗುವ ಕೋಣೆ: ಉಬ್ಬರ ಬಂದು ಕೆಸರು ಮುಳುಗಿದಾಗ ಅವು ಅಲ್ಲಿಗೆ ಹೋಗಿ ಒಂಟಿಕಾಲಿನಲ್ಲಿ ನಿಂತು ಇಳಿತಕ್ಕಾಗಿ ಕಾಯುತ್ತವೆ.

ತಿಥಿ ನೋಡಿ ಹೊರಡಿ

ಕರಾವಳಿಯ ಪಕ್ಷಿವೀಕ್ಷಣೆಯಲ್ಲಿ ಅರ್ಧ ಯಶಸ್ಸು ಉಬ್ಬರ ಇಳಿತದ ಲೆಕ್ಕದಲ್ಲಿದೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಮರುದಿನ ಅದೇ ಉಬ್ಬರ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಹುಣ್ಣಿಮೆ ಅಮಾವಾಸ್ಯೆಗಳ ಸುತ್ತಿನ ದಿನಗಳಲ್ಲಿ ನೀರು ಹೆಚ್ಚು ಏರುತ್ತದೆ ಮತ್ತು ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುತ್ತ ಏರಿಳಿತ ಕಡಿಮೆ. ಇಷ್ಟನ್ನು ಮೀನುಗಾರರ ಮನೆಯ ಮಕ್ಕಳು ಕೂಡ ಬಲ್ಲರು. ಹಕ್ಕಿ ನೋಡುವವರಿಗೆ ಉಪಯೋಗವಾಗುವ ಇನ್ನೊಂದು ಅಂಶವೆಂದರೆ ನಮ್ಮ ಕರಾವಳಿಯಲ್ಲಿ ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನ ಉಬ್ಬರವು ಹೆಚ್ಚುಕಡಿಮೆ ನಡುಹಗಲಿನ ಹೊತ್ತಿಗೆ ಬೀಳುತ್ತದೆ. ಅಂದರೆ ಇಳಿತ ಬೀಳುವುದು ಬೆಳಗಿನ ಜಾವದ ಸುಮಾರಿಗೆ. ಸೂರ್ಯ ಹುಟ್ಟುವಾಗ ಕೆಸರು ಪೂರ್ತಿ ತೆರೆದಿರುತ್ತದೆ, ಏಳರಿಂದ ಹತ್ತರವರೆಗೆ ನೀರು ಮೆಲ್ಲಗೆ ಏರುತ್ತ ದೂರದಲ್ಲಿ ಚದುರಿದ್ದ ಹಕ್ಕಿಗಳನ್ನು ನಿಮ್ಮ ಕಡೆಗೆ ತಳ್ಳಿಕೊಂಡು ಬರುತ್ತದೆ. ನೀವು ಅವುಗಳ ಹಿಂದೆ ಹೋಗಬೇಕಾಗಿಲ್ಲ, ಕಡಲೇ ತಂದುಕೊಡುತ್ತದೆ.

ಇದರ ಜೊತೆಗೆ ಬೆಳಕಿನ ಲಾಭವೂ ಉಂಟು. ನಮ್ಮದು ಪಶ್ಚಿಮದ ಕಡಲು. ಬೆಳಗ್ಗೆ ದಂಡೆಯಲ್ಲಿ ನಿಂತು ಕಡಲಿನ ಕಡೆ ನೋಡಿದರೆ ಸೂರ್ಯ ಬೆನ್ನಿಗಿರುತ್ತಾನೆ, ಹಕ್ಕಿಯ ಒಂದೊಂದು ಗರಿಯ ಬಣ್ಣವೂ ಕಾಣುತ್ತದೆ. ಸಂಜೆ ಅದೇ ಜಾಗದಲ್ಲಿ ನಿಂತರೆ ಎಲ್ಲ ಹಕ್ಕಿಗಳೂ ಕರಿಯ ನೆರಳುಗಳು. ಪ್ರವಾಸಿಗರು ಸೂರ್ಯಾಸ್ತ ನೋಡಲು ಬರುವ ಹೊತ್ತು ಹಕ್ಕಿ ನೋಡುವವರಿಗೆ ಅಷ್ಟು ಒದಗುವುದಿಲ್ಲ. ಆದ್ದರಿಂದ ನನ್ನ ಕ್ರಮ ಇಷ್ಟೇ: ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸಿನ ದಿನ ಆರಿಸಿಕೊಂಡು, ಆ ಬಂದರಿನ ಉಬ್ಬರದ ಪಟ್ಟಿಯನ್ನು ಒಮ್ಮೆ ಫೋನಿನಲ್ಲಿ ಖಚಿತಪಡಿಸಿಕೊಂಡು, ಆರೂವರೆಗೆ ಅಳಿವೆಯಲ್ಲಿರುವುದು, ಒಂಬತ್ತೂವರೆಯ ಹೊತ್ತಿಗೆ ಹಕ್ಕಿಗಳನ್ನು ಅವುಗಳ ಪಾಡಿಗೆ ಬಿಟ್ಟು ಚಿಟ್ಟೆಗಳಿಗಾಗಿ ತೋಟ, ಗುಡ್ಡದ ಕಡೆಗೆ ತಿರುಗುವುದು. ಅಳಿವೆಯ ಒಳಗೆ ಹೋದಷ್ಟೂ ಉಬ್ಬರ ತಡವಾಗಿ ತಲುಪುತ್ತದೆ ಎಂಬುದು ನೆನಪಿರಲಿ.

ಕೈಯಲ್ಲಿ ಏನಿರಬೇಕು

8×42 ಎಂದು ಬರೆದಿರುವ ದುರ್ಬೀನು ಎರಡು ಕೆಲಸಕ್ಕೂ ಸಾಕು. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂಬುದನ್ನು, ಎರಡನೆಯದು ಮುಂದಿನ ಗಾಜಿನ ವ್ಯಾಸವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ಚಿಟ್ಟೆಗಳನ್ನೂ ನೋಡುವ ಆಸೆಯಿದ್ದರೆ ಎರಡು ಮೀಟರಿಗಿಂತ ಹತ್ತಿರದ ವಸ್ತುವಿನ ಮೇಲೂ ಫೋಕಸ್ ಆಗುವ ದುರ್ಬೀನನ್ನೇ ಕೇಳಿ ಕೊಳ್ಳಿ; ಅಂಗಡಿಯಲ್ಲಿ ನಿಮ್ಮ ಚಪ್ಪಲಿಯ ತುದಿಯನ್ನು ನೋಡಿ ಪರೀಕ್ಷಿಸಬಹುದು. ದೂರದ ಕೆಸರುಬಯಲಿಗೆ ಸ್ಪಾಟಿಂಗ್ ಸ್ಕೋಪ್ (ಮುಕ್ಕಾಲಿಯ ಮೇಲಿಟ್ಟು ನೋಡುವ ಸಣ್ಣ ದೂರದರ್ಶಕ) ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ನಡೆಯುತ್ತದೆ. ಕಡಲ ಗಾಳಿಯ ಉಪ್ಪು ಗಾಜಿನ ಮೇಲೆ ಕೂರುತ್ತದೆ, ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ ಒರಸಿ, ಬಳಿಕ ಒಣಗಿಸಬೇಕು. ಉಳಿದಂತೆ ಟೋಪಿ, ಎರಡು ಲೀಟರ್ ನೀರು, ಪೆನ್ಸಿಲ್, ಪುಸ್ತಕ. ಬೆವರಿನ ಕೈಗೆ ಪೆನ್ನಿನ ಶಾಯಿ ನಿಲ್ಲುವುದಿಲ್ಲ.

ಅಳಿವೆಯಲ್ಲಿ ಬೆಳಗಿನ ಮೂರು ತಾಸು

ದಂಡೆಗೆ ಬಂದೊಡನೆ ದುರ್ಬೀನು ಎತ್ತಬೇಡಿ. ಬರಿಗಣ್ಣಿನಲ್ಲಿ ಹತ್ತು ನಿಮಿಷ ನೋಡಿ, ನೀರಿನ ಅಂಚು ಎಲ್ಲಿದೆ, ಹಕ್ಕಿಗಳು ಯಾವ ಗುಂಪುಗಳಲ್ಲಿವೆ, ನಾಯಿಗಳು, ದೋಣಿಗಳು ಯಾವ ಕಡೆಯಿಂದ ಬರುತ್ತಿವೆ ಎಂಬುದನ್ನು ಅಂದಾಜು ಮಾಡಿಕೊಳ್ಳಿ. ಆಮೇಲೆ ಗಾಳಿಗೆ ಎದುರಾಗಿ ನಿಂತಿರುವ ದೊಡ್ಡ ಬಿಳಿಯ ಹಕ್ಕಿಗಳಿಂದ ಆರಂಭಿಸಿ. ಕೈರಂಪಣಿ ಬಲೆ ಎಳೆಯುವ ಕಡೆ, ಮೀನು ಒಣಗಿಸುವ ಕಡೆ ಇವು ಗುಂಪಾಗಿಯೇ ಸಿಗುತ್ತವೆ.

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವುದು ಕಂದುತಲೆಯ ಕಡಲಕ್ಕಿ. ಡಿಸೆಂಬರಿನಲ್ಲಿ ಹೆಸರಿಗೂ ಹಕ್ಕಿಗೂ ಸಂಬಂಧವೇ ಇರುವುದಿಲ್ಲ: ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಮಾಸಲು ಚುಕ್ಕೆ ಮಾತ್ರ. ಫೆಬ್ರವರಿಯ ಕೊನೆಯಲ್ಲಿ ಅದೇ ಹಕ್ಕಿಯ ಮುಖವನ್ನು ದುರ್ಬೀನಿನಲ್ಲಿ ತುಂಬಿಸಿಕೊಂಡು ನೋಡಿ. ಒಲೆಯ ಬೂದಿ ಊದಿದವರ ಮುಖದಂತೆ ಅಲ್ಲಲ್ಲಿ ಕಪ್ಪು ಕಂದು ಚುಕ್ಕೆಗಳು ಮೂಡಿರುತ್ತವೆ; ಒಂದು ಹಕ್ಕಿಗೆ ಹಣೆಯಲ್ಲಿ, ಇನ್ನೊಂದಕ್ಕೆ ಕೆನ್ನೆಯಲ್ಲಿ. ಮಾರ್ಚ್ ನಡುವಿನ ಹೊತ್ತಿಗೆ ಚುಕ್ಕೆಗಳು ಕೂಡಿಕೊಂಡು ಕಾಫಿಬಣ್ಣದ ಮುಸುಕಾಗುತ್ತವೆ. ಈ ಮುಸುಕು ತೊಟ್ಟು ಅದು ಟಿಬೆಟ್, ಲಡಾಖ್ ಮತ್ತು ಮಧ್ಯ ಏಷ್ಯಾದ ಎತ್ತರದ ಸರೋವರಗಳಿಗೆ ಹೋಗಿ ಮೊಟ್ಟೆಯಿಡುತ್ತದೆ. ಗುಂಪಿನಲ್ಲಿ ಇದನ್ನೇ ಹೋಲುವ ಕರಿತಲೆಯ ಕಡಲಕ್ಕಿಯೂ ಇರಬಹುದು. ಅದು ಸ್ವಲ್ಪ ಸಣ್ಣದು, ಕೊಕ್ಕು ತೆಳು, ಕಣ್ಣು ಕಪ್ಪು. ಕಂದುತಲೆಯ ಪ್ರೌಢ ಹಕ್ಕಿಯ ಕಣ್ಣು ಮಾಸಲು ಬಿಳಿ, ಹಾರುವಾಗ ರೆಕ್ಕೆಯ ಕಪ್ಪು ತುದಿಯಲ್ಲಿ ದೊಡ್ಡ ಬಿಳಿಯ ಮಚ್ಚೆ ಕಾಣುತ್ತದೆ. ಇವೆರಡರ ನಡುವೆ ಹೆಬ್ಬಾತಿನಂತೆ ಎದ್ದು ಕಾಣುವ, ಹಳದಿ ಕೊಕ್ಕಿನ, ತಲೆ ಪೂರ್ತಿ ಕರ್ರಗಾದ ಭಾರಿ ಹಕ್ಕಿಯೊಂದು ನಿಂತಿದ್ದರೆ ಅದು ಪಲ್ಲಾಸ್ ಗಲ್. ಅದರ ಉಡುಗೆ ಉಳಿದವುಗಳಿಗಿಂತ ಮೊದಲೇ ಸಿದ್ಧವಾಗಿರುತ್ತದೆ.

ಇನ್ನು ಕೆಸರಿನ ಮೇಲೆ ಓಡಾಡುವ ಸಣ್ಣವು. ಹೊಸಬರು ಇವುಗಳನ್ನು ಕಂಡು ಎದೆಗುಂದುತ್ತಾರೆ, ಎಲ್ಲವೂ ಒಂದೇ ಬೂದಿಬಣ್ಣ ಎಂದು. ಬಣ್ಣವನ್ನು ಬಿಟ್ಟು ನಡಿಗೆಯನ್ನು ನೋಡಿ. ನಾಲ್ಕು ಹೆಜ್ಜೆ ಓಡಿ, ಗಕ್ಕನೆ ನಿಂತು, ಒಮ್ಮೆ ಕುಕ್ಕಿ, ಮತ್ತೆ ಓಡುವುದು ಪ್ಲೋವರ್ ಜಾತಿ. ಕಣ್ಣಿನಿಂದ ಬೇಟೆಯಾಡುವ ಇವುಗಳ ಕೊಕ್ಕು ಗಿಡ್ಡ. ನಿಲ್ಲದೆ ನಡೆಯುತ್ತ ಹೊಲಿಗೆ ಯಂತ್ರದ ಸೂಜಿಯಂತೆ ಕೆಸರು ಚುಚ್ಚುವುದು ಸ್ಯಾಂಡ್‌ಪೈಪರ್ ಕುಲ. ಇವು ಕೊಕ್ಕಿನ ತುದಿಯ ಸ್ಪರ್ಶವನ್ನು ನಂಬಿದವು. ಪ್ಲೋವರುಗಳಲ್ಲಿ ಸ್ಯಾಂಡ್ ಪ್ಲೋವರನ್ನು ನಿಮ್ಮ ಋತುಮಾಪಕವಾಗಿ ಆರಿಸಿಕೊಳ್ಳಿ. ಹಿಂದೆ ಲೆಸ್ಸರ್ ಸ್ಯಾಂಡ್ ಪ್ಲೋವರ್ ಎನ್ನುತ್ತಿದ್ದ ಹಕ್ಕಿಯನ್ನು ಈಚೆಗೆ ಸೈಬೀರಿಯನ್ ಮತ್ತು ಟಿಬೆಟನ್ ಎಂದು ಎರಡಾಗಿ ವಿಂಗಡಿಸಿದ್ದಾರೆ; ನಮ್ಮ ಕರಾವಳಿಗೆ ಬರುವುದು ಬಹುಮಟ್ಟಿಗೆ ಟಿಬೆಟನ್. ಚಳಿಗಾಲದಲ್ಲಿ ಕೆಸರಿನ ಬಣ್ಣದ್ದೇ ಆದ ಇದರ ಗಂಡು ಮಾರ್ಚ್ ಕಳೆಯುತ್ತಿದ್ದಂತೆ ಎದೆಗೆ ಇಟ್ಟಿಗೆ ಕೆಂಪನ್ನೂ ಕಣ್ಣಿಗೆ ಕಪ್ಪು ಪಟ್ಟಿಯನ್ನೂ ಪಡೆಯುತ್ತದೆ. ಒಂದು ಗುಂಪಿನ ಐವತ್ತು ಹಕ್ಕಿಗಳಲ್ಲಿ ಎಷ್ಟಕ್ಕೆ ಕೆಂಪು ಬಂದಿದೆ ಎಂದು ಪ್ರತಿ ಭೇಟಿಯಲ್ಲೂ ಎಣಿಸಿ ಬರೆದಿಡಿ. ಎರಡು ವರ್ಷ ಹೀಗೆ ಬರೆದರೆ ಆ ಅಂಕಿಗಳೇ ನಿಮ್ಮ ಅಳಿವೆಯ ಪಂಚಾಂಗ. ಇದೇ ರೀತಿ ಪೆಸಿಫಿಕ್ ಗೋಲ್ಡನ್ ಪ್ಲೋವರಿನ ಹೊಟ್ಟೆ ಕಪ್ಪಾಗುವುದನ್ನೂ ಗಮನಿಸಬಹುದು. ಅದು ಗಜನಿಯ ಬದುಗಳ ಬಳಿ ಸಿಗುತ್ತದೆ, ಹೊರಡುವುದು ಸೈಬೀರಿಯದ ಹಿಮಬಯಲಿಗೆ.

ಬಾಗಿದ ಉದ್ದ ಕೊಕ್ಕಿನ ದೊಡ್ಡ ಹಕ್ಕಿ ಕಂಡರೆ ತಲೆಯನ್ನು ನೋಡಿ. ನೆತ್ತಿಯ ಮೇಲೆ ಕಪ್ಪು ಪಟ್ಟೆಗಳಿದ್ದರೆ ವಿಂಬ್ರೆಲ್, ಪಟ್ಟೆಯಿಲ್ಲದೆ ಕೊಕ್ಕು ಇನ್ನಷ್ಟು ಉದ್ದವಿದ್ದರೆ ಕರ್ಲ್ಯೂ. ವಿಂಬ್ರೆಲ್‌ ಹಾರುವಾಗ ಒಂದರ ಹಿಂದೊಂದು ಏಳು ಸಿಳ್ಳೆ ಹೊಡೆದಂತೆ ಕೂಗುತ್ತದೆ.

ಸಮೀಪಕ್ಕೆ ಹೋಗುವ ವಿಷಯದಲ್ಲಿ ಒಂದು ಕಟ್ಟುನಿಟ್ಟು ಬೇಕು. ಸಾವಿರಾರು ಕಿಲೋಮೀಟರ್ ಹಾರಲಿರುವ ಹಕ್ಕಿಗೆ ಈ ವಾರಗಳ ಒಂದೊಂದು ತುತ್ತೂ ಇಂಧನ. ನೀವು ಎಬ್ಬಿಸಿದ ಪ್ರತಿ ಸಲವೂ ಅದು ಕೂಡಿಟ್ಟ ಕೊಬ್ಬನ್ನು ಖರ್ಚು ಮಾಡುತ್ತದೆ. ಗುಂಪು ಮೇಯುವುದನ್ನು ನಿಲ್ಲಿಸಿ ಕತ್ತು ನೀಡಿದರೆ, ಒಂದಕ್ಕೊಂದು ಒತ್ತಿಕೊಂಡು ನಿಂತರೆ ನೀವು ಅತಿಯಾಗಿ ಹತ್ತಿರ ಬಂದಿದ್ದೀರಿ ಎಂದರ್ಥ; ಹಿಂದೆ ಸರಿಯಿರಿ. ಆಗರ, ಗಜನಿಗಳಲ್ಲಿ ಒಂಟಿಕಾಲಿನಲ್ಲಿ ನಿಂತಿರುವ ಗುಂಪಿಗಂತೂ ನೂರು ಮೀಟರ್ ದೂರ ಬಿಡುವುದು ಒಳ್ಳೆಯದು. ಕೂತು ಕಾಯುವವನ ಹತ್ತಿರಕ್ಕೆ ಹಕ್ಕಿ ತಾನಾಗಿ ಬರುತ್ತದೆ, ನಡೆದು ಹೋಗುವವನಿಂದ ಓಡುತ್ತದೆ.

ಕೆಸರಿಗೆ ಇಳಿಯುವ ಉತ್ಸಾಹವೂ ಬೇಡ. ಮೊದಲ ವರ್ಷ ಅಘನಾಶಿನಿಯಲ್ಲಿ ಒಂದು ವಿಂಬ್ರೆಲ್‌ ಹಿಂದೆ ಹೋಗಿ ಮೊಣಕಾಲವರೆಗೆ ಹೂತು, ಒಂದು ಚಪ್ಪಲಿಯನ್ನು ಅಲ್ಲೇ ಬಿಟ್ಟು ಬಂದವನು ನಾನು. ಬಳಚು (ಕೆಸರಿನ ಚಿಪ್ಪುಜೀವಿ) ಆಯುತ್ತಿದ್ದ ಹೆಂಗಸೊಬ್ಬರು ದೂರದಿಂದಲೇ, ‘ತಮ್ಮಾ, ಅಲ್ಲಿ ಹುಗೀತದೆ, ಇತ್ಲಾಗೆ ಬಾ’ ಎಂದು ಕೂಗಿ ದಾರಿ ತೋರಿಸದಿದ್ದರೆ ಏರುತ್ತಿದ್ದ ನೀರಿನಲ್ಲಿ ಇನ್ನೇನು ಕಳೆದುಕೊಳ್ಳುತ್ತಿದ್ದೆನೋ. ಅಂದಿನಿಂದ ಅವರು ನಡೆಯುವ ಜಾಡಿನಲ್ಲೇ ನಡೆಯುತ್ತೇನೆ. ಯಾವ ಹಕ್ಕಿ ಯಾವ ಕಡೆ ಇಳಿಯುತ್ತದೆ ಎಂಬುದೂ ಅವರಿಗೆ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾರೆ.

ಕಾಂಡ್ಲಾದ ಅಂಚಿನಲ್ಲಿ ಕರಿತಲೆಯ ಮಿಂಚುಳ್ಳಿಗಾಗಿ ಒಮ್ಮೆ ಕಣ್ಣಾಡಿಸಿ. ಕಡುನೀಲಿ ಬೆನ್ನು, ಕೆಂಪು ಕೊಕ್ಕು, ಕರಿಯ ತಲೆ. ಕಡಲತಡಿಯನ್ನು ಬಿಟ್ಟು ಒಳನಾಡಿನಲ್ಲಿ ಇದು ಸಿಗುವುದು ಅಪರೂಪ. ತಲೆಯೆತ್ತಿದರೆ ಗರುಡ ಇದ್ದೇ ಇರುತ್ತದೆ, ಅದೃಷ್ಟವಿದ್ದರೆ ಬಿಳಿಹೊಟ್ಟೆಯ ಕಡಲ ಹದ್ದೂ ಕಾಣುತ್ತದೆ. ಈ ಹದ್ದು ವರ್ಷ ವರ್ಷವೂ ಅದೇ ಎತ್ತರದ ಮರದ ಹಳೆಯ ಗೂಡಿಗೆ ಕಡ್ಡಿ ಸೇರಿಸುತ್ತ ಹೋಗುವುದರಿಂದ ಊರಿನವರಿಗೆ ಗೂಡಿನ ಜಾಗ ಗೊತ್ತಿರುತ್ತದೆ. ಗೊತ್ತಾದರೂ ಅದನ್ನು ನಕ್ಷೆಯಲ್ಲಿ ಗುರುತು ಹಾಕಿ ಎಲ್ಲರಿಗೂ ಹಂಚಬೇಡಿ.

ಗದ್ದೆ ಮತ್ತು ಮರಗಳ ಕಡೆಗೆ

ಅಳಿವೆಯಿಂದ ಹಿಂದಿರುಗುವ ದಾರಿಯಲ್ಲಿ ಗದ್ದೆಯ ಬದುವಿನ ಕೊಳದ ಬಕವನ್ನು ನೋಡಿ. ಚಳಿಗಾಲವಿಡೀ ಮಣ್ಣುಬಣ್ಣದ ಗೀರುಗಳಲ್ಲಿ ಅಡಗಿದ್ದ ಈ ಸಾಧಾರಣ ಹಕ್ಕಿ ಬೇಸಗೆ ಬಲಿಯುತ್ತಿದ್ದಂತೆ ಬೆನ್ನಿಗೆ ಕಡುಕೆಂಪು ಶಾಲು ಹೊದ್ದುಕೊಳ್ಳುತ್ತದೆ. ಅದು ಸಂತಾನಕ್ಕೆ ಸಿದ್ಧವಾಗುತ್ತಿರುವುದು ಇಲ್ಲೇ, ನಮ್ಮ ಮರಗಳಲ್ಲೇ. ಊರಿನಲ್ಲೇ ಉಳಿಯುವ ಹಕ್ಕಿಗಳ ವಸಂತವನ್ನು ಕಿವಿಯಿಂದಲೂ ಓದಬಹುದು: ಕುಟ್ರುಹಕ್ಕಿಯ ಬಿಡುವಿಲ್ಲದ ಕೂಗು, ಕಂಚುಗಾರ ಹಕ್ಕಿಯ ಟುಕ್ ಟುಕ್, ನಸುಕಿನಲ್ಲಿ ಮಡಿವಾಳ ಹಕ್ಕಿಯ ಉದ್ದನೆಯ ಹಾಡು. ಚಳಿಗಾಲದಲ್ಲಿ ಕರಕರ ಎನ್ನುತ್ತ ಸುಮ್ಮನಿದ್ದ ಮಡಿವಾಳ ಹಾಡಲು ಆರಂಭಿಸಿದ ಮೊದಲ ದಿನವನ್ನು ಬರೆದುಕೊಳ್ಳಿ. ಕೋಗಿಲೆಯ ಬಗ್ಗೆ ಕವಿಗಳು ಸಾಕಷ್ಟು ಹೇಳಿರುವುದರಿಂದ ನಾನು ಸುಮ್ಮನಾಗುತ್ತೇನೆ.

ಹೂಬಿಟ್ಟ ಹಾಲಿವಾಣ, ಬೂರುಗ, ಮುತ್ತುಗದ ಮರ ಸಿಕ್ಕಿದರೆ ಅದರ ಕೆಳಗೆ ಅರ್ಧ ಗಂಟೆ ಮೀಸಲಿಡಿ. ತುಳುವಿನಲ್ಲಿ ಪೊಂಗಾರೆ ಎನ್ನುವ ಹಾಲಿವಾಣದ ಕೆಂಪು ಹೂಗಳಿಗೆ ಗುಲಾಬಿ ಮೈನಾಗಳ ದಂಡು ಬರುವುದು ಇದೇ ಕಾಲದಲ್ಲಿ. ಮಧ್ಯ ಏಷ್ಯಾಕ್ಕೆ ಹಿಂದಿರುಗುವ ಮುನ್ನ ಅವು ಗುಂಪುಗೂಡಿ ಗದ್ದಲ ಮಾಡುತ್ತ ಮರದಿಂದ ಮರಕ್ಕೆ ಹಾರುತ್ತವೆ. ಹೂವಿನ ಪರಾಗ ಹಣೆಗೆ ಮೆತ್ತಿಕೊಂಡು ಹಳದಿಯಾಗಿರುವುದನ್ನು ಕಂಡು ಬೇರೆ ಜಾತಿಯೆಂದು ಮೋಸಹೋಗಬೇಡಿ. ಅದೇ ಮರದಲ್ಲಿ ಸೂರಕ್ಕಿಯ ಗಂಡು ತನ್ನ ಹಳೆಯ ಮಾಸಲು ಗರಿಗಳನ್ನು ಕಳೆದು ಹೊಳೆಯುವ ನೇರಳೆಯಲ್ಲಿ ಮಿಂಚುತ್ತಿರುತ್ತದೆ.

ಒಂಬತ್ತರ ಬಳಿಕ ಚಿಟ್ಟೆ

ಚಿಟ್ಟೆಗೆ ಮೈ ಬಿಸಿಯಾಗದೆ ಹಾರಲಾಗದು. ಎಂಟೂವರೆ, ಒಂಬತ್ತರ ಸುಮಾರಿಗೆ ಬಿಸಿಲಿಗೆ ರೆಕ್ಕೆ ಬಿಚ್ಚಿ ಕೂತಿರುವಾಗ ನೋಡುವುದು ಸುಲಭ. ಹನ್ನೊಂದರ ಮೇಲೆ ಕಡಲಗಾಳಿ ಏಳುವುದರಿಂದ ಬಯಲಿನಲ್ಲಿ ಕೂರುವುದಿಲ್ಲ, ಬೇಲಿಯ ಮರೆಗೆ, ತೋಟದ ಒಳಗೆ ಸರಿಯುತ್ತವೆ. ಆದ್ದರಿಂದ ಮೊದಲು ದಂಡೆಯ ಸಮೀಪದ ಗಿಡಗಳು, ನಂತರ ಗದ್ದೆ, ಕೊನೆಗೆ ತೋಟ, ಬನ ಎಂಬ ಕ್ರಮದಲ್ಲಿ ನಡೆಯಿರಿ. ಕನ್ನಡದಲ್ಲಿ ಚಿಟ್ಟೆಗಳ ಹೆಸರುಗಳು ಇನ್ನೂ ಎಲ್ಲರ ಬಾಯಲ್ಲಿ ನೆಲೆನಿಂತಿಲ್ಲವಾದ್ದರಿಂದ ವೀಕ್ಷಕರು ತಮ್ಮ ನಡುವೆ ಬಳಸುವ ಇಂಗ್ಲಿಷ್ ಹೆಸರುಗಳನ್ನೇ ಇಲ್ಲಿ ಬಳಸಿದ್ದೇನೆ.

ಹಾರುವ ಚಿಟ್ಟೆಯ ಹಿಂದೆ ಓಡುವುದಕ್ಕಿಂತ ಅದಕ್ಕೆ ಬೇಕಾದ ಗಿಡದ ಬಳಿ ನಿಲ್ಲುವುದು ಸರಿಯಾದ ವಿಧಾನ. ದಂಡೆಯ ಮರಳಿನಲ್ಲಿ ಬೆಳೆದ ಎಕ್ಕದ ಎಲೆಯನ್ನು ಮೆಲ್ಲಗೆ ತಿರುಗಿಸಿ ನೋಡಿದರೆ ಪ್ಲೇನ್ ಟೈಗರಿನ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಸಿಗುತ್ತದೆ. ಮೈಮೇಲೆ ಮೂರು ಜೊತೆ ಕರಿಯ ಎಳೆಗಳು. ಅಂಗಳದ ಕಣಗಿಲೆಯ ಎಲೆಯಡಿ ಬೆಳ್ಳಿಯ ಓಲೆಯಂತೆ ಏನಾದರೂ ತೂಗುತ್ತಿದ್ದರೆ ಅದು ಕಾಮನ್ ಕ್ರೋ ಚಿಟ್ಟೆಯ ಕೋಶ. ಅದರಲ್ಲಿ ನಿಮ್ಮ ಮುಖದ ನೆರಳು ಕಾಣುವಷ್ಟು ಹೊಳಪು ಇರುತ್ತದೆ. ಸುಗ್ಗಿ ಕೊಯ್ದ ಗದ್ದೆಯಲ್ಲಿ ಉದ್ದು, ಹೆಸರು, ಅಲಸಂಡೆ ಹಾಕಿದ್ದರೆ ಹೂವಿನ ಮಟ್ಟದಲ್ಲಿ ಕಣ್ಣಿಟ್ಟು ಕೂರಿ. ಉಗುರಿನಷ್ಟಗಲದ, ಬಾಲದಂಥ ಸಣ್ಣ ಎಳೆಯಿರುವ ಪೀ ಬ್ಲೂ ಚಿಟ್ಟೆ ಮೊಗ್ಗಿನ ಮೇಲೆ ಮೊಟ್ಟೆಯಿಡುವುದನ್ನು ನೋಡಬಹುದು. ರೈತನಿಗೆ ಅದು ಕಾಯಿ ಕೊರೆಯುವ ಹುಳದ ತಾಯಿ ಎಂಬುದನ್ನೂ ಮರೆಯಬಾರದು.

ವಸಂತದ ಚಿಟ್ಟೆ ಹುಡುಕುವುದು ಮುಖ್ಯವಾಗಿ ಚಿಗುರನ್ನು. ಬಲಿತ ಎಲೆಯನ್ನು ಎಳೆಯ ಹುಳು ಕಚ್ಚಲಾರದು. ಹೊಳೆದಂಡೆಯ ಹೊಂಗೆ ಎಲೆಯುದುರಿಸಿ ತಿಳಿಹಸುರಾಗಿ ಚಿಗುರುವಾಗ ಅಲ್ಲಿ ಕಾಮನ್ ಸೆರೂಲಿಯನ್ ಚಿಟ್ಟೆಗಳು ಸುಳಿದಾಡುತ್ತವೆ. ಮಡಚಿ ಅಂಟಿಸಿದ ಎಳೆಯ ಎಲೆಯೊಳಗೆ ಬ್ಯಾಂಡೆಡ್ ಆಲ್‌ನ ಹುಳು ಕೂತಿರುತ್ತದೆ. ಕಕ್ಕೆ ಚಿಗುರಿದರೆ ಎಮಿಗ್ರಂಟ್ ಚಿಟ್ಟೆಗಳು, ಕರಿಬೇವಿಗೆ ಕಾಮನ್ ಮಾರ್ಮನ್, ದಾಲ್ಚಿನ್ನಿಗೆ ಕಾಮನ್ ಮೈಮ್, ಸೀತಾಫಲಕ್ಕೆ ಟೇಲ್ಡ್ ಜೇ. ಇವೆಲ್ಲಕ್ಕಿಂತ ನನಗೆ ಇಷ್ಟವಾದ ಪರೀಕ್ಷೆ ಮಾವಿನ ಗಿಡದ್ದು. ಕೈಗೆಟಕುವ ಕೊಂಬೆಯ ಎಲೆಗಳನ್ನು ಒಂದೊಂದಾಗಿ, ಅವಸರವಿಲ್ಲದೆ ನೋಡಿ. ಒಂದು ಎಲೆಯ ನಡುದೇಟು ಉಳಿದವುಗಳಿಗಿಂತ ಕೊಂಚ ದಪ್ಪವಾಗಿದೆ ಎನಿಸುತ್ತದೆ. ಮತ್ತೆ ನೋಡಿದರೆ ಅದು ದೇಟಲ್ಲ, ಕಾಮನ್ ಬ್ಯಾರನ್ ಚಿಟ್ಟೆಯ ಹುಳು: ಬೆನ್ನಿನ ಮಾಸಲು ಗೆರೆಯನ್ನು ಎಲೆಯ ದೇಟಿನ ಮೇಲೆ ಸರಿಯಾಗಿ ಇಟ್ಟು, ಎರಡೂ ಬದಿಯ ಗರಿಯಂಥ ಮುಳ್ಳುಗಳನ್ನು ಎಲೆಗೆ ಒತ್ತಿ ಹರಡಿ ಮಲಗಿರುತ್ತದೆ. ಕೊಂಬೆ ಅಲುಗಿದ ಮಾತ್ರಕ್ಕೆ ಅದು ಕದಲುವುದಿಲ್ಲ. ಹತ್ತು ನಿಮಿಷ ಹುಡುಕಿದ ಮಗುವೊಂದು ಇದನ್ನು ತಾನಾಗಿ ಕಂಡುಹಿಡಿದಾಗಿನ ಸಂತೋಷಕ್ಕೆ ಸಾಟಿಯಿಲ್ಲ, ಹಾಗಾಗಿ ಮಕ್ಕಳಿದ್ದರೆ ಬೆರಳು ಮಾಡಿ ತೋರಿಸಬೇಡಿ.

ಕೇಪಳ ಹೂಬಿಟ್ಟ ಬೇಲಿ ಅಥವಾ ಬನದ ಅಂಚು ದೊಡ್ಡ ಚಿಟ್ಟೆಗಳ ಜಾಗ. ಬ್ಲೂ ಮಾರ್ಮನ್, ಕ್ರಿಮ್ಸನ್ ರೋಸ್ ಮತ್ತು ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಇಲ್ಲಿಗೆ ಬರುತ್ತವೆ. ಬರ್ಡ್‌ವಿಂಗ್ ಮರದ ಮಟ್ಟದಲ್ಲಿ ತೇಲಿಬರುವಾಗ ಹಕ್ಕಿಯೆಂದೇ ಅನಿಸುತ್ತದೆ, ಹಿಂರೆಕ್ಕೆಯ ಹಳದಿ ಕಂಡಮೇಲೆ ಸಂಶಯ ಉಳಿಯದು. ಅದರ ಹುಳುವಿಗೆ ಈಶ್ವರಿ ಬಳ್ಳಿಯ ಜಾತಿಯ ಸಸ್ಯಗಳೇ ಬೇಕು. ಬೇಲಿ ಸವರುವಾಗ ಈ ಬಳ್ಳಿಯನ್ನು ಉಳಿಸಿಕೊಂಡ ಮನೆಗಳಿಗೆ ಈ ಚಿಟ್ಟೆ ಬರುವ ಸಾಧ್ಯತೆ ಹೆಚ್ಚು. ಇಲ್ಲಿ ಕಣ್ಕಟ್ಟೊಂದಿದೆ: ಕ್ರಿಮ್ಸನ್ ರೋಸ್, ಕಾಮನ್ ರೋಸ್‌ಗಳು ಹಕ್ಕಿಗಳಿಗೆ ವಿಷ, ಕಾಮನ್ ಮಾರ್ಮನ್‌ನ ಕೆಲವು ಹೆಣ್ಣುಗಳು ಅವುಗಳ ವೇಷ ಹಾಕಿ ಬದುಕಿಕೊಳ್ಳುತ್ತವೆ. ರೆಕ್ಕೆಯನ್ನು ನೋಡಿದರೆ ಗೊಂದಲ, ಮೈಯನ್ನು ನೋಡಿ. ಮೈ ಕೆಂಪಾಗಿದ್ದರೆ ನಿಜವಾದ ರೋಸ್, ಕಪ್ಪಾಗಿದ್ದರೆ ವೇಷಧಾರಿ.

ಮಳೆಯಿಲ್ಲದ ಈ ತಿಂಗಳುಗಳಲ್ಲಿ ಬತ್ತುತ್ತಿರುವ ತೋಡಿನ ತೇವದ ಮರಳು ಇನ್ನೊಂದು ನಿಧಿ. ಬ್ಲೂಬಾಟಲ್, ಜೇ, ಆಲ್ಬಟ್ರಾಸ್ ಚಿಟ್ಟೆಗಳು ಗುಂಪುಗೂಡಿ ಮರಳಿಗೆ ಸೊಂಡಿಲು ಚುಚ್ಚಿ ಉಪ್ಪಿನಂಶ ಹೀರುತ್ತಿರುತ್ತವೆ. ಹೆಚ್ಚಿನವು ಗಂಡುಗಳೇ. ನಿಮ್ಮ ನೆರಳು ಅವುಗಳ ಮೇಲೆ ಬೀಳದಂತೆ ಸೂರ್ಯನಿಗೆ ಎದುರಾಗಿ, ಕುಕ್ಕುರುಗಾಲಿನಲ್ಲಿ ಸರಿಯುತ್ತ ಹೋದರೆ ಒಂದು ಮೊಳ ದೂರದವರೆಗೂ ಬಿಟ್ಟುಕೊಡುತ್ತವೆ.

ನೆರಳಿನ ತೋಡಿನ ಬದಿಯ ಬಳ್ಳಿಗಳಲ್ಲಿ ಬ್ಲೂ ಟೈಗರ್, ಕ್ರೋ ಚಿಟ್ಟೆಗಳು ನೂರಾರು ಸಂಖ್ಯೆಯಲ್ಲಿ ತೂಗಿಕೊಂಡಿರುವುದು ಕಂಡರೆ ಅವುಗಳನ್ನು ಎಬ್ಬಿಸದೆ ಅಂದಾಜು ಎಣಿಕೆ ಮಾಡಿ ದಿನಾಂಕ ಬರೆಯಿರಿ. ಒಣಗಾಲವನ್ನು ಇಂಥ ತಂಪಿನಲ್ಲಿ ಕಳೆಯುವ ಇವು ಏಪ್ರಿಲ್ ಬಳಿಕ, ಮುಂಗಾರಿಗೆ ಮೊದಲಿನ ಮಳೆಯ ಸುಮಾರಿಗೆ, ಘಟ್ಟದಿಂದ ಪೂರ್ವದ ಬಯಲಿನತ್ತ ಹೊರಡುತ್ತವೆ. ಹಕ್ಕಿಯಂತೆ ಚಿಟ್ಟೆಯೂ ಇಲ್ಲಿ ಪ್ರಯಾಣಿಕನೇ. ಹತ್ತಿರದಲ್ಲಿ ಬೀಜ ಗಲಗಲ ಎನ್ನುವ ಗಿಜಿಗಿಜಿ ಗಿಡವಿದ್ದರೆ ಅದರ ಒಣ ಕಾಯಿ, ಎಲೆಗಳನ್ನು ಗಂಡು ಚಿಟ್ಟೆಗಳು ಕೆರೆದು ಹೀರುತ್ತಿರುವುದನ್ನೂ ನೋಡಬಹುದು. ಹೆಣ್ಣನ್ನು ಒಲಿಸುವ ಗಂಧ ತಯಾರಿಸಲು ಅವುಗಳಿಗೆ ಆ ಗಿಡದ ರಾಸಾಯನಿಕ ಬೇಕು.

ಬರೆದಿಡುವ ಕ್ರಮ

ಜಾಗ, ದಿನಾಂಕ, ಆರಂಭಿಸಿದ ಮತ್ತು ಮುಗಿಸಿದ ಹೊತ್ತು, ಉಬ್ಬರವೋ ಇಳಿತವೋ, ನೀವು ನಡೆದ ದೂರ: ಇಷ್ಟನ್ನು ಮೊದಲು ಬರೆಯಿರಿ. ದೊಡ್ಡ ಗುಂಪನ್ನು ಎಣಿಸುವಾಗ ಹತ್ತು ಹಕ್ಕಿಗಳನ್ನು ನಿಖರವಾಗಿ ಎಣಿಸಿ, ಅಷ್ಟು ಹಕ್ಕಿ ಎಷ್ಟು ಜಾಗ ಹಿಡಿಯುತ್ತವೆ ಎಂದು ಕಣ್ಣಳತೆ ಮಾಡಿ, ಆ ಅಳತೆಯನ್ನು ಗುಂಪಿನ ಉದ್ದಕ್ಕೂ ಇಡುತ್ತ ಹೋಗಿ. ಹೆಸರು ಗೊತ್ತಾಗದ ಹಕ್ಕಿಗೆ ಊಹೆಯ ಹೆಸರು ಬೇಡ. ‘ಸಣ್ಣ ಪ್ಲೋವರ್, 40’ ಎಂದು ಬರೆದರೂ ಅದು ಪ್ರಾಮಾಣಿಕ ದಾಖಲೆ. ಹಕ್ಕಿಗಳ ಪಟ್ಟಿಯನ್ನು ಇಬರ್ಡ್ ಎಂಬ ಜಾಲತಾಣಕ್ಕೆ, ಚಿಟ್ಟೆಗಳ ಚಿತ್ರವನ್ನು ಐನ್ಯಾಚುರಲಿಸ್ಟ್ ಎಂಬ ಜಾಲತಾಣಕ್ಕೆ ಸೇರಿಸಿದರೆ ತಿಳಿದವರು ತಿದ್ದುತ್ತಾರೆ. ಪ್ರತಿವರ್ಷ ಫೆಬ್ರವರಿ ನಡುವಿನಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ಎಂಬ ಹಕ್ಕಿಗಣತಿಯಲ್ಲಿ ಭಾರತದವರು 2013ರಿಂದ ಪಾಲ್ಗೊಳ್ಳುತ್ತಿದ್ದಾರೆ. ನಿಮ್ಮ ಮೊದಲ ಭೇಟಿಯನ್ನು ಆ ದಿನಗಳಿಗೇ ಹೊಂದಿಸಿಕೊಳ್ಳಬಹುದು.

ಏಪ್ರಿಲ್ ನಡುವಿನ ಕೊನೆಯ ಭೇಟಿಯಲ್ಲಿ ಅಳಿವೆ ಬಹುಮಟ್ಟಿಗೆ ಖಾಲಿಯಾಗಿರುತ್ತದೆ. ಆದರೂ ಮರಳದಿಬ್ಬದ ಮೇಲೆ ಏಳೆಂಟು ಕಡಲಕ್ಕಿಗಳು, ಒಂದಿಷ್ಟು ಬೂದಿಬಣ್ಣದ ಪ್ಲೋವರುಗಳು ಉಳಿದಿರುವುದುಂಟು. ಅವು ದಾರಿತಪ್ಪಿದವೂ ಅಲ್ಲ, ಗಾಯಗೊಂಡವೂ ಅಲ್ಲ, ಹಿಡಿದು ಉಪಚರಿಸುವ ಅಗತ್ಯವೂ ಇಲ್ಲ. ಕಡಲಕ್ಕಿಯ ರೆಕ್ಕೆಯಲ್ಲಿ ಕಂದು ಮಚ್ಚೆ, ಬಾಲದ ತುದಿಯಲ್ಲಿ ಕಪ್ಪು ಪಟ್ಟಿ ಇದೆಯೇ ನೋಡಿ. ಇದ್ದರೆ ಅದು ಕಳೆದ ವರ್ಷ ಹುಟ್ಟಿದ ಮರಿ, ಈ ವರ್ಷ ಅದಕ್ಕೆ ಗೂಡು ಕಟ್ಟುವ ವಯಸ್ಸಾಗಿಲ್ಲ. ಮಳೆಗಾಲವನ್ನು ಅದು ಇಲ್ಲೇ ಎಲ್ಲೋ ಕಳೆಯುತ್ತದೆ. ಅದನ್ನೂ ಎಣಿಸಿ, ಪಟ್ಟಿಯ ಕೊನೆಯ ಸಾಲಿನಲ್ಲಿ ಬರೆದುಕೊಳ್ಳಿ.